ಹದಿನಾರು ಟ್ರಾಲಿ ಮುರುಮು

ಪುಣೆ
24 ಮಾರ್ಚ್ 2025

ಅಪ್ಪನಿಗೆ ಶರಣು.

ಕ್ಷೇಮ ಸಮಾಚಾರ ವಿಚಾರಿಸುವ ಸಾಲನ್ನು ಈ ಸಲ ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಹೇಳಬೇಕಾದದ್ದು ಬೇರೆ ಇದೆ: ನಾವು ಗೆದ್ದೆವು. ಮೊನ್ನೆ ನಮ್ಮ ಹೊಳೆ ದಂಡೆಯ ಕರಿ ಎರಿಮಣ್ಣಿನ ಹೊಲದಲ್ಲಿ ನೀವು ಕಣ್ಣಾರೆ ಕಂಡದ್ದು ಈಗ ಕಾಗದದ ಮೇಲೂ ಬಂದಿದೆ. ಕೆಸರಿನ ಮೇಲೆ ಬಿಚ್ಚಿದ ನಮ್ಮ ಹಾಸಿನ ಮೇಲೆ ತುಂಬಿದ ಲಾರಿ ಐವತ್ತು ಸಲ ಹಾಯ್ದರೂ ಹುಗಿಯಲಿಲ್ಲ. ವರದಿಯ ಕೆಳಗೆ ‘ಯೋಜನಾ ನಿರ್ದೇಶಕಿ ಶೈಲಶ್ರೀ’ ಎಂದು ಸಹಿ ಹಾಕಿದೆ. ಆರು ವರ್ಷದ ಕೆಲಸ, ಅಪ್ಪಾ. ಈ ಆರು ವರ್ಷದಲ್ಲಿ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆಗೆ ಮೂವರು ಮುಖ್ಯಸ್ಥರು ಬಂದು ಹೋದರು, ನನ್ನ ಕೂದಲು ಬೆಳ್ಳಗಾಯಿತು, ಹಾಸು ಮಾತ್ರ ಪ್ರತಿ ಸಲ ಎಲ್ಲಾದರೂ ಒಂದು ಕೀಲು ಬಿಟ್ಟುಕೊಂಡು ನನ್ನನ್ನು ಅಣಕಿಸುತ್ತಿತ್ತು.

ಸುರುಳಿ ಬಿಚ್ಚಿ ಕೆಸರಿನ ಮೇಲೆ ಹಾಸಿದರೆ ಸೈನ್ಯದ ಗಾಡಿ ದಾಟಿಹೋಗಬೇಕು, ಅಷ್ಟೇ ಅದರ ಕೆಲಸ. ಊರವರು ಅದಕ್ಕೆ ‘ಶೈಲಕ್ಕನ ಚಾಪಿ’ ಎಂದು ಹೆಸರಿಟ್ಟಿದ್ದಾರಂತೆ, ತಮ್ಮ ಸಂತೋಷ ಹೇಳಿದ. ಇದಕ್ಕಿಂತ ಹೆಚ್ಚು ನಾನು ಬರೆಯುವಂತಿಲ್ಲ. ನೀವು ಬದುವಿನ ಮೇಲೆ ನಿಂತು ನೋಡಿದ್ದರಾಚೆ ನನ್ನ ಬಾಯಿಗೆ ಬೀಗ.

ತವರಿನ ಹೊಲವೇ ಬೇಕಾಗಿತ್ತೇ ಮೇಡಂ ಎಂದು ಇಲ್ಲಿ ಕೆಲವರು ಮುಸಿಮುಸಿ ನಕ್ಕಿದ್ದರು. ನಮ್ಮ ಎರಿಯಷ್ಟು ಹಟಮಾರಿ ಮಣ್ಣು ನಾನು ಬೇರೆಲ್ಲೂ ಕಂಡಿಲ್ಲ ಎಂದಿದ್ದೆ. ಮಾರ್ಚ್ ಹತ್ತಕ್ಕೆ ನಮ್ಮವರು ಸರಳು ಚುಚ್ಚಿ ನೆಲದ ಬಲ ಅಳೆದು, ಸುಣ್ಣದ ಗೆರೆ ಹೊಡೆದು ಬಂದರು. ನೆಲ ಕೆಸರಾಗಲೆಂದು ನಾಲ್ಕು ದಿನ ಹೊಳೆಯ ಪಂಪು ಹಚ್ಚಿ ನೀವು ನೀರು ಕುಡಿಸಿದಿರಿ. ಇಪ್ಪತ್ತಕ್ಕೆ ಗೆಲುವು. ಈಗ ನಗುವವರು ನಗಲಿ.

ಫೋನು ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಎರಡನೇ ನಿಮಿಷಕ್ಕೆ ನಮ್ಮಿಬ್ಬರಿಗೂ ಜಗಳ ಹತ್ತುತ್ತದೆ. ಸಹಿ ಇಲ್ಲದ ಮಾತು ಗಾಳಿ ಎಂದು ಕಲಿಸಿದವರೂ ನೀವೇ. ಮೊಣಕಾಲು ಹೇಗಿದೆ? ಅವ್ವನ ಬಿಪಿ ಗುಳಿಗೆ ತಪ್ಪಿಸಬೇಡಿ.

ನಿಮ್ಮ ಮಗಳು, ಈ ವಾರವಿಡೀ ಬೀಗುತ್ತಿರುವ
ಶೈಲಾ


ಹಿರೇಸಂಗಾವಿ, ಜೇವರ್ಗಿ ತಾಲೂಕು
5 ಏಪ್ರಿಲ್ 2025

ಮಗಳು ಶೈಲಾಗೆ ಅಪ್ಪನ ಆಶೀರ್ವಾದ.

ಕಾಗದ ತಲುಪಿತು. ನಿನ್ನ ಅವ್ವನಿಗೆ ಓದಿ ಹೇಳಿದೆ. ಆಮೇಲೆ ಆಕೆ ಕನ್ನಡಕ ಹಾಕಿಕೊಂಡು ತಾನೇ ಇನ್ನೊಮ್ಮೆ ಓದಿದಳು, ನಾನು ನನ್ನ ಹೊಗಳಿಕೆ ಒಂದಿಷ್ಟು ಸೇರಿಸಿ ಓದಿದ್ದೇನೆಂದು ಆಕೆಗೆ ಗುಮಾನಿ. ನಿಮ್ಮ ಗಾಡಿಗಳು ಹೋದ ಮೇಲೆ ನನ್ನ ನಡಿಗೆಯೇ ಬದಲಾಗಿದೆ ಎಂದು ನಿನ್ನ ತಮ್ಮ ಸಂತೋಷ ಚೇಷ್ಟೆ ಮಾಡುತ್ತಾನೆ. ಬದಲಾಗದೆ ಏನು? ಹವಳಗಾ ಕಾರ್ಖಾನೆಗೆ ಕಬ್ಬು ಹೊರುವ ಗಾಡಿಗಳು ಇಂಥದೇ ಎರಿಯಲ್ಲಿ ಅಚ್ಚಿನ ತನಕ ಹುಗಿದು ಎರಡೆರಡು ದಿನ ನಿಂತದ್ದನ್ನು ಕಂಡವರು ನಾವು. ಅದೇ ಮಣ್ಣಿನ ಮೇಲೆ ನನ್ನ ಮಗಳು ಲಾರಿ ಓಡಿಸಿದಳು ಅಂದರೆ ಸಣ್ಣ ಮಾತೇ? ಗಾಣಗಾಪುರಕ್ಕೆ ಹೋಗಿದ್ದ ಬೀಗರೊಬ್ಬರು ಅಲ್ಲಿನ ಲಾಡ್ಜಿನಲ್ಲಿ ಯಾರೋ ಈ ಸುದ್ದಿ ಮಾತಾಡುವುದನ್ನು ಕೇಳಿ ಬಂದರು.

ಈಗ ನಿನಗೊಂದು ಗುಟ್ಟು. ಗೆದ್ದ ಮೇಲೆಯೇ ಹೇಳಬೇಕೆಂದು ತಡೆದಿಟ್ಟುಕೊಂಡಿದ್ದೆ. ಕಲೆಕ್ಟರು ಬರುತ್ತಾರೆ, ಮಂತ್ರಿ ಬರುತ್ತಾರೆ ಅಂದರೆ ನಮ್ಮ ಊರಲ್ಲಿ ಮೊದಲ ಕೆಲಸ ಯಾವುದು? ದಾರಿಗೆ ಗುಡ್ಡದ ಗರಸು ಮುರುಮು ಹಾಕಿ ಗಟ್ಟಿ ಮಾಡುವುದು. ನಾನು ಮಂಡಲ ಪ್ರಧಾನನಾಗಿದ್ದ ಕಾಲದಿಂದಲೂ ಇದೇ ರೂಢಿ. ಗುರುತಿಲ್ಲದ ಸಾಹೇಬನ ಜೀಪಿಗೇ ಹಾಕುವವರು ಸ್ವಂತ ಮಗಳ ಗಾಡಿಗೆ ಹಾಕದೆ ಇರುತ್ತೇವೆಯೇ? ನಿಮ್ಮವರು ಸುಣ್ಣದ ಗೆರೆ ಹೊಡೆದು ಹೋದ ಮಾರನೇ ದಿನ ನಮ್ಮೂರ ಸಲಾವುದ್ದೀನ ತನ್ನ ಜೆಸಿಬಿ ತಂದ. ನಾನು ಕೇಳುವ ಮೊದಲೇ ಬಂದಿದ್ದ. “ಮಗಳ ಗಾಡಿ ಹುಗದ್ರ ನಾವು ಮಾರಿ ಎಲ್ಲಿ ಇಡಬೇಕ್ರಿ ಬಸವಂತಣ್ಣ” ಅಂದ. ಗೆರೆಯ ಉದ್ದಕ್ಕೂ ಒಂದೂವರೆ ಮೊಳ ತೋಡಿಸಿ, ಹೆದ್ದಾರಿಯಾಚೆಯ ಗುಡ್ಡದಿಂದ ಹದಿನಾರು ಟ್ರಾಲಿ ಮುರುಮು ತಂದು ತುಂಬಿ, ಬಡಿದು, ಮೇಲೆ ಗೇಣು ಎರಿ ಹರಡಿ, ಸುಣ್ಣದ ಗೆರೆಯನ್ನೂ ಇದ್ದ ಹಾಗೆಯೇ ಮತ್ತೆ ಎಳೆಸಿದೆ. ಎರಡು ಮಧ್ಯಾಹ್ನದ ಕೆಲಸ. ಸಲಾವುದ್ದೀನ ಡೀಸೆಲ್ಲಿನ ಮಾತೂ ಎತ್ತಲಿಲ್ಲ.

ನಿಮ್ಮ ಅಷ್ಟು ಜನ ಇಂಜಿನಿಯರರಿಗೆ ಒಬ್ಬರಿಗೂ ಗೊತ್ತಾಗಲಿಲ್ಲವಲ್ಲ ಎಂದು ನೆನೆದು ನಾವಿಬ್ಬರೂ ಇನ್ನೂ ನಗುತ್ತೇವೆ. ಗೆದ್ದದ್ದು ನಿನ್ನ ಚಾಪೆಯೇ, ಅನುಮಾನವಿಲ್ಲ. ನಾವು ಒಂದಿಷ್ಟು ಕೈ ಹಚ್ಚಿದೆವು ಅಷ್ಟೇ.

ಮೊಣಕಾಲು ಇದ್ದ ಹಾಗೇ ಇದೆ.

ನಿನ್ನ ಅಪ್ಪ
ಬಸವಂತರಾಯ


ಪುಣೆ
12 ಏಪ್ರಿಲ್ 2025

ಅಪ್ಪಾ,

ನಿಮ್ಮ ಕಾಗದ ಬಂದು ಮೂರು ದಿನವಾಯಿತು. ಮೊದಲ ದಿನ ನಿಮ್ಮ ಮೇಲೆ ಕೆಂಡದಂಥ ಸಿಟ್ಟು ಬಂತು. ಆಮೇಲೆ ನನ್ನ ಮೇಲೆಯೇ ಬಂತು, ಅದು ಇನ್ನೂ ಇಳಿದಿಲ್ಲ.

ನೀವು ಏನು ಮಾಡಿದಿರಿ ಎಂಬುದು ನಿಮಗೆ ತಿಳಿದಿಲ್ಲ, ಅದಕ್ಕೇ ನಗುತ್ತಿದ್ದೀರಿ. ಹಾಸು ಗೆಲ್ಲಲಿಲ್ಲ, ಮುರುಮು ಗೆದ್ದಿತು. ನನ್ನ ಹಾಸು ನಿಜವಾದ ಕೆಸರನ್ನು ಇನ್ನೂ ಮುಟ್ಟಿಯೇ ಇಲ್ಲ. ಆದರೆ ಅದು ಕೆಸರಿನಲ್ಲಿ ಐವತ್ತು ಸಲ ತಡೆಯುತ್ತದೆ ಎಂದು ನಾನು ಸಹಿ ಹಾಕಿದ್ದೇನೆ. ಆ ಸಹಿ ನಂಬಿ ನಾಳೆ ಯಾವುದೋ ಗಡಿಯ ಹಳ್ಳದಲ್ಲಿ ಒಬ್ಬ ಚಾಲಕ ಗಾಡಿ ಇಳಿಸುತ್ತಾನೆ. ಅಲ್ಲಿ ನೀವು ಮೊದಲೇ ಹೋಗಿ ಮುರುಮು ಹಾಕಿರುವುದಿಲ್ಲ.

ನನ್ನ ತಪ್ಪನ್ನೂ ಬರೆಯುತ್ತೇನೆ. ಪರೀಕ್ಷೆಯ ದಿನ ಬೆಳಿಗ್ಗೆ ಮತ್ತೊಮ್ಮೆ ಸರಳು ಚುಚ್ಚಿ ನೆಲ ನೋಡಬೇಕೆಂದು ನಿಯಮವಿದೆ. ಆ ನಿಯಮ ಬರೆದವಳು ನಾನೇ. ಬೇರೆಯವರ ಹೊಲವಾಗಿದ್ದರೆ ನೂರು ಕಡೆ ಚುಚ್ಚಿಸುತ್ತಿದ್ದೆ. ಅಪ್ಪನ ಹೊಲವಲ್ಲವೇ ಎಂದು ಹತ್ತನೇ ತಾರೀಖಿನ ಅಳತೆಯನ್ನೇ ಇಟ್ಟುಕೊಂಡೆ. ನಿಮ್ಮ ತಪ್ಪು ಪ್ರೀತಿಯದು, ನನ್ನದು ಸೋಮಾರಿತನದ್ದು.

ನಾನು ಸಹಿ ವಾಪಸು ಪಡೆಯುತ್ತಿದ್ದೇನೆ. ನಿಮ್ಮ ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ನಿಮ್ಮಿಂದ ಬೇಕಾದದ್ದು ಒಂದೇ ಕಾಗದ: ಯಾವ ದಿನ, ಎಷ್ಟು ಆಳ, ಎಷ್ಟು ಮುರುಮು. ಕೆಳಗೆ ನಿಮ್ಮ ಸಹಿ.

ಶೈಲಶ್ರೀ


ಹಿರೇಸಂಗಾವಿ
19 ಏಪ್ರಿಲ್ 2025

ಶೈಲಶ್ರೀಗೆ,

ಕಾಗದ ಬರೆದುಕೊಡುವುದಿಲ್ಲ.

ನಿನಗೆ ಓದು ಹೆಚ್ಚಾಯಿತು, ಊರು ಕಡಿಮೆಯಾಯಿತು. ನಾನು ಬರೆದುಕೊಟ್ಟರೆ ನಾಳೆ ಪೇಪರಿನಲ್ಲಿ ಏನು ಬರುತ್ತದೆ? ಹಿರೇಸಂಗಾವಿಯವರು ಸರಕಾರಕ್ಕೆ ಮೋಸ ಮಾಡಿದರು ಎಂದು ಬರುತ್ತದೆ. ಸಲಾವುದ್ದೀನನ ಹೆಸರು ಬರುತ್ತದೆ. ಸೈನ್ಯದ ವಿಷಯದಲ್ಲಿ ಅವನ ಹೆಸರು ಬಂದರೆ ಜನ ಏನೆಲ್ಲ ಕಟ್ಟಿ ಮಾತಾಡುತ್ತಾರೆ ಎಂಬುದನ್ನು ನಾನು ನಿನಗೆ ಬಿಡಿಸಿ ಹೇಳಬೇಕೇ? ಒಳ್ಳೆಯದಾಗಲಿ ಎಂದು ಬಂದ ಮನುಷ್ಯ ಅವನು.

ನಿನ್ನ ಕೆಲಸವೂ ಹೋಗುತ್ತದೆ. ಆರು ವರ್ಷ ನೀನು ಯುಗಾದಿಗೆ ಮನೆಗೆ ಬಂದಿಲ್ಲ, ಪಂಚಮಿಗೆ ಬಂದಿಲ್ಲ. ಅದನ್ನೆಲ್ಲ ನಾವು ನುಂಗಿಕೊಂಡದ್ದು ಇದಕ್ಕೇ ಏನು? ಕೀಲು ಸಡಿಲ ಇದ್ದರೆ ಸದ್ದಿಲ್ಲದೆ ಬಿಗಿ ಮಾಡಿಸು. ಗೊತ್ತಿರುವವರೆಲ್ಲ ನಮ್ಮವರೇ, ಎಲ್ಲರೂ ಬಾಯಿ ಮುಚ್ಚಿಕೊಂಡು ಇರುತ್ತೇವೆ.

ನನ್ನ ಹೆಸರು ಹಾಕಿ ಅರ್ಜಿ ಕೊಡುವುದಾದರೆ ಈ ಹೊಸ್ತಿಲಿನ ಕಡೆ ಬರಬೇಡ.

ಬಸವಂತರಾಯ


ಪುಣೆ
21 ಮೇ 2025

ಅಪ್ಪಾ,

ನೀವು ಬರಬೇಡ ಎಂದದ್ದು ಹೊಸ್ತಿಲಿಗೆ. ಕಾಗದಕ್ಕೆ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅರ್ಜಿ ಕೊಟ್ಟೆ. ಸಲಾವುದ್ದೀನ ಕಾಕಾನ ಹೆಸರು ಅದರಲ್ಲಿಲ್ಲ. ನಿಮ್ಮ ಹೆಸರು ಇದೆ, ಏಕೆಂದರೆ ಹೊಲ ನಿಮ್ಮದು. ನನ್ನ ಹೆಸರು ನಿಮ್ಮದಕ್ಕಿಂತ ಮೇಲೆ ಇದೆ.

ನಮ್ಮ ಮುಖ್ಯಸ್ಥರು ಕೆಟ್ಟವರಲ್ಲ. ಬಾಗಿಲು ಹಾಕಿಸಿ, ಚಹಾ ತರಿಸಿ, ಮೇಲಿನವರಿಗೆ ವರದಿ ಹೋಗಿ ತಿಂಗಳಾಯಿತಲ್ಲ, ಈ ಮಳೆಗಾಲಕ್ಕೆ ಮೊದಲ ಕಂತು ಕಳಿಸುವುದೆಂದು ಒಪ್ಪಿಯೂ ಆಗಿದೆಯಲ್ಲ ಎಂದರು. ಹಾಸು ಹೇಗೂ ಚೆನ್ನಾಗಿಯೇ ಇದೆ, ಐವತ್ತು ಸಲ ಯಾರು ಹಾಯಿಸುತ್ತಾರೆ ಎಂದರು. ಆಮೇಲೆ ದನಿ ತಗ್ಗಿಸಿ, “ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡಬೇಡಿ ಶೈಲಶ್ರೀ” ಎಂದರು.

“ಕೇಳುವವನು ಕೆಸರಿನಲ್ಲಿ ಇರುತ್ತಾನೆ ಸರ್. ಅವನು ಕೇಳಿದ್ದು ಪುಣೆಗೆ ಕೇಳಿಸುವುದಿಲ್ಲ” ಎಂದೆ.

ಅವರು ಚಹಾ ಕುಡಿಯಲಿಲ್ಲ, ನಾನು ಕುಡಿದು ಬಂದೆ.

ಈಗ ಒಂದು ಸಮಿತಿ ಮಾಡಿದ್ದಾರೆ. ಹೋದ ವಾರ ನನ್ನನ್ನು ಕೂರಿಸಿಕೊಂಡು ಎರಡು ತಾಸು ವಿಚಾರಿಸಿದರು. ತವರಿನ ಹೊಲ ಏಕೆ ಆರಿಸಿದಿರಿ, ತಂದೆಯ ಜೊತೆ ಮನಸ್ತಾಪವೇ, ಆರೋಗ್ಯ ಸರಿ ಇದೆಯೇ. ಕೊನೆಯದನ್ನು ಬಹಳ ಕಾಳಜಿಯಿಂದ ಕೇಳಿದರು. ಹೊಲ ತೋಡಿ ನೋಡಿ ಎಂದೆ. ಮಾಲೀಕರ ಒಪ್ಪಿಗೆ ಇಲ್ಲದೆ ಖಾಸಗಿ ಜಮೀನು ತೋಡಲಾಗದಂತೆ. ನೀವು ಸಹಿ ಮಾಡಿದ ಹೇಳಿಕೆಯಾಗಲಿ ಒಪ್ಪಿಗೆಯಾಗಲಿ ಜೂನ್ ಮೂವತ್ತರೊಳಗೆ ಬರದಿದ್ದರೆ ನನ್ನ ಅರ್ಜಿ ಆಧಾರವಿಲ್ಲದ್ದು ಎಂದು ಕಡತ ಮುಚ್ಚುತ್ತಾರೆ, ಹಾಸು ಹೊರಡುತ್ತದೆ.

ನನಗೆ ಹನ್ನೆರಡು ವರ್ಷವಿದ್ದಾಗ ನಮ್ಮ ಶಾಲೆಯ ಹೊಸ ಕೋಣೆ ನೋಡಲು ಮಂಡಲ ಪ್ರಧಾನರು ಬಂದಿದ್ದರು. ಕೋಲಿನಿಂದ ತೊಲೆ ಬಡಿದರು, ಮಣ್ಣು ಉದುರಿತು. ಕೆಲಸ ಪೂರ್ಣವಾಗಿದೆ ಎಂಬ ಕಾಗದಕ್ಕೆ ಸಹಿ ಹಾಕಲಿಲ್ಲ. ಆರು ವಾರದಲ್ಲಿ ಅವಿಶ್ವಾಸ ತಂದು ಅವರನ್ನು ಇಳಿಸಿದರು. ಆ ಪ್ರಧಾನರು ಎಲ್ಲಿದ್ದಾರೆ ಎಂದು ನಿಮಗೆ ಗೊತ್ತಿದ್ದರೆ ಈ ಕಾಗದ ಅವರಿಗೆ ಓದಿ ಹೇಳಿ.

ಶೈಲಾ


ಹಿರೇಸಂಗಾವಿ
3 ಜೂನ್ 2025

ನನ್ನ ಶೈಲಾಗೆ ಅವ್ವ ಹೀರಾಬಾಯಿ ಬರೆಯುವುದು.

ನಿನ್ನ ಅಪ್ಪ ಬರೆಯುವುದಿಲ್ಲ ಎಂದು ಕೂತಿದ್ದಾರೆ. ನಾನು ಓದಿದ್ದು ಏಳನೇ ಇಯತ್ತೆ, ಅಕ್ಷರ ದುಂಡಗಿಲ್ಲ, ಸುಧಾರಿಸಿಕೊಂಡು ಓದು.

ನಿನ್ನ ಕಾಗದ ಬಂದ ದಿನ ಅವರು ಊಟ ಬಿಟ್ಟರು. ಮಾರನೇ ದಿನ ಉಂಡರು, ಮಾತು ಬಿಟ್ಟರು. ಹೋದ ಶುಕ್ರವಾರ ಬೆಳಿಗ್ಗೆ ಜೆಸಿಬಿ ಸದ್ದು ಕೇಳಿ ಹೊಲಕ್ಕೆ ಹೋಗಿ ನೋಡಿದರೆ ಮುರುಮು ತೋಡಿ ತೆಗೆಯಲು ಸಲಾವುದ್ದೀನನನ್ನು ಕರೆಸಿದ್ದಾರೆ. ಏನಿದು ಎಂದು ಕೇಳಿದೆ. ಸಮಿತಿಯವರು ಬಂದು ನೋಡಿದರೂ ಏನೂ ಸಿಗಬಾರದು, ಪುರಾವೆ ಇಲ್ಲದಿದ್ದರೆ ಮಗಳ ಕುರ್ಚಿ ಉಳಿಯುತ್ತದೆ ಎಂದರು. ಕಣ್ಣಲ್ಲಿ ನೀರಿತ್ತು. ನಿನ್ನ ಮೇಲಿನ ಸಿಟ್ಟಿಗೆ ಮಾಡುತ್ತಿದ್ದಾರೆ ಎಂದು ತಿಳಿಯಬೇಡ. ನಿನ್ನನ್ನು ಉಳಿಸಲು ಹೊರಟಿದ್ದರು.

ನಾನು ಮುರುಮು ತುಂಬಿದ ಆ ಪಟ್ಟಿಯ ನಡುವೆ ಹೋಗಿ ಕೂತೆ. ಸಲಾವುದ್ದೀನ ಗಾಡಿ ಬಂದ್ ಮಾಡಿದ. ಏಳು ಎಂದು ನಿನ್ನ ಅಪ್ಪ ಗದರಿಸಿದರು. ನನ್ನ ತವರಿನ ಸರಸಂಬಾದವರು ಕೂತರೆ ಏಳುವುದಿಲ್ಲ ಎಂದು ಐವತ್ತು ವರ್ಷದಿಂದ ಹಂಗಿಸುತ್ತಾ ಬಂದವರು ಅವರೇ. ಕೂತೇ ಹೇಳಿದೆ: “ಮುರುಮ ಅದ ಅಂತ ಆಕಿ ಬರದುಕೊಟ್ಟಾಳ. ನೀವು ಇದನ್ನ ತೆಗದ್ರ ಆಕಿ ಸುಳ್ಳಗಾರ್ತಿ ಆಗ್ತಾಳ. ಮಗಳಿಗಿ ಕುರ್ಚಿ ಉಳಸ್ತೀರೋ, ಮಾತು ಉಳಸ್ತೀರೋ, ಇಲ್ಲೇ ನಿಂತು ಹೇಳ್ರಿ.”

ಅವರಿಗೆ ಅದು ಹೊಳೆದೇ ಇರಲಿಲ್ಲ ಎಂದು ಕಾಣುತ್ತದೆ. ಗದರಿಸುವುದು ಬಿಟ್ಟು ಬದುವಿನ ಮೇಲೆ ಹೋಗಿ ಕೂತರು. ಮೊದಲು ಹನಿ ಬಿತ್ತು, ಆಮೇಲೆ ಜೋರಾಯಿತು. ನಾನು ಏಳಲಿಲ್ಲ. ಸಲಾವುದ್ದೀನ ತನ್ನ ಟಾವೆಲ್ಲು ನನ್ನ ತಲೆಗೆ ಕೊಟ್ಟು, ಗಾಡಿ ತಿರುಗಿಸಿಕೊಂಡು ಹೋದ.

ಈಗ ಅವರು ಪಡಸಾಲೆಯಲ್ಲಿ ಒಬ್ಬರೇ ಕೂತು ಏನೋ ಯೋಚಿಸುತ್ತಾರೆ. ನಾನೂ ಕೇಳುವುದಿಲ್ಲ. ನನಗೆ ಸ್ವಲ್ಪ ನೆಗಡಿ ಬಿಟ್ಟರೆ ಏನೂ ಆಗಿಲ್ಲ. ಮುರುಮು ಇದ್ದಲ್ಲೇ ಇದೆ.

ಅವ್ವ


ಪುಣೆ
10 ಜೂನ್ 2025

ಅವ್ವಾ,

ನಿನ್ನ ಅಕ್ಷರ ದುಂಡಗಿಲ್ಲ ಎಂದವರು ಯಾರು. ಕಚೇರಿಯಲ್ಲಿ ಕೂತು ಓದಿದೆ, ಎಲ್ಲರ ಎದುರಿಗೇ ಅತ್ತೆ. ಯಾರೋ ಬಂದು ಆರೋಗ್ಯ ಸರಿ ಇದೆಯೇ ಎಂದು ಮತ್ತೆ ಕೇಳಿದರು. ನನ್ನ ಅವ್ವ ಮಳೆಯಲ್ಲಿ ಕೂತಿದ್ದಳಂತೆ ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ.

ನಿನ್ನೆ ನನ್ನನ್ನು ಯೋಜನೆಯಿಂದ ತೆಗೆದರು. ವಿಚಾರಣೆ ಮುಗಿಯುವ ತನಕ ಎಂದು ಬರೆದಿದ್ದಾರೆ. ಹಳೆಯ ಕಡತಗಳ ಕೋಣೆಯಲ್ಲಿ ಒಂದು ಮೇಜು ಕೊಟ್ಟಿದ್ದಾರೆ, ಫ್ಯಾನು ಇದೆ, ತಿರುಗುವುದಿಲ್ಲ. ನನ್ನ ಕೈಕೆಳಗೆ ನಲವತ್ತು ಜನ ಇದ್ದರು, ಈಗ ಹತ್ತಿರ ಬಂದು ಮಾತಾಡುವವರು ಇಬ್ಬರು. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ಬೇಸರವಿದೆ. ಆದರೆ ಅರ್ಜಿ ಹಿಂದೆ ತೆಗೆದುಕೊಂಡರೆ ಕುರ್ಚಿ ವಾಪಸು ಎಂದು ಸೂಚನೆ ಬಂತು, ಆಗಲ್ಲ ಎಂದೆ. ಬರವಣಿಗೆಯಲ್ಲೇ ಕೊಟ್ಟಿದ್ದೇನೆ.

ಅಪ್ಪನನ್ನು ಒತ್ತಾಯ ಮಾಡಬೇಡ. ಅವರು ಬರೆದರೆ ಅವರದೇ ಕೈ ಬರೆಯಬೇಕು. ನೆಗಡಿಗೆ ಕಷಾಯ ಕುಡಿ.

ಶೈಲಾ


ಹಿರೇಸಂಗಾವಿ, ಜೇವರ್ಗಿ ತಾಲೂಕು, ಕಲಬುರಗಿ ಜಿಲ್ಲೆ
17 ಜೂನ್ 2025

ವಿಚಾರಣಾ ಸಮಿತಿಯ ಸಾಹೇಬರ ಸನ್ನಿಧಿಗೆ,
(ಒಂದು ಪ್ರತಿ ಶೈಲಶ್ರೀಗೆ)

ನಾನು ಬಸವಂತರಾಯ, ವಯಸ್ಸು ಎಪ್ಪತ್ತಾರು, ಒಕ್ಕಲುತನ, ಮಾಜಿ ಮಂಡಲ ಪ್ರಧಾನ, ಯಾರ ಒತ್ತಾಯವೂ ಇಲ್ಲದೆ ನನ್ನ ಕೈಯಿಂದ ಬರೆದುಕೊಡುವ ಹೇಳಿಕೆ.

ಮಾರ್ಚ್ ಹನ್ನೊಂದು ಮತ್ತು ಹನ್ನೆರಡರಂದು, ತಮ್ಮ ಸಂಸ್ಥೆಯವರು ಗುರುತು ಮಾಡಿದ ಪಟ್ಟಿಯನ್ನು ಒಂದೂವರೆ ಮೊಳ ತೋಡಿಸಿ ಹದಿನಾರು ಟ್ರಾಲಿ ಮುರುಮು ತುಂಬಿಸಿದವನು ನಾನು. ಮೋಸ ಮಾಡಬೇಕೆಂದು ಮಾಡಿದ್ದಲ್ಲ, ಮರ್ಯಾದೆ ಮಾಡಬೇಕೆಂದು ಮಾಡಿದ್ದು. ಆದರೆ ಹುಗಿದ ಗಾಡಿಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಈ ಕೆಲಸಕ್ಕೆ ಯಂತ್ರ ತಂದವನು ನನ್ನ ಮಾತಿಗೆ ತಂದ. ಅವನ ಹೆಸರು ಕೇಳಿದರೆ ನನ್ನ ಹೆಸರನ್ನೇ ಇನ್ನೊಮ್ಮೆ ಬರೆದುಕೊಳ್ಳಿರಿ. ನನ್ನ ಮಗಳಿಗೆ ಪರೀಕ್ಷೆ ಮುಗಿಯುವ ತನಕ ಇದು ಗೊತ್ತಿರಲಿಲ್ಲ. ಗೊತ್ತಾದಾಗ ಆಕೆ ಏನು ಮಾಡಿದಳು ಎಂಬುದಕ್ಕೆ ತಮ್ಮ ಹತ್ತಿರ ಇರುವ ಅರ್ಜಿಯೇ ಸಾಕ್ಷಿ.

ಹೊಲ ತೋಡಲು ನನ್ನ ಪೂರ್ಣ ಒಪ್ಪಿಗೆ ಇದೆ. ತೋಡಿ ನೋಡಿದ ಮೇಲೆ, ಅದರ ಪಕ್ಕದ ಪಟ್ಟಿಯಲ್ಲಿ, ಮಳೆ ಹಿಡಿದಾಗ, ಪರೀಕ್ಷೆ ಮತ್ತೊಮ್ಮೆ ಮಾಡಬೇಕೆಂದು ನನ್ನ ಬೇಡಿಕೆ. ಬರುವ ದಿನವನ್ನು ಮಾತ್ರ ಮೊದಲೇ ತಿಳಿಸಬೇಡಿರಿ. ತಿಳಿಸಿದರೆ ನಮ್ಮ ಊರವರು ಮತ್ತೆ ಮುರುಮು ಹಾಕುತ್ತಾರೆ. ಸಾಹೇಬರು ಬರುತ್ತಾರೆ ಅಂದರೆ ಅವರ ಕೈ ಸುಮ್ಮನಿರುವುದಿಲ್ಲ.

ಸಹಿ,
ಬಸವಂತರಾಯ

ಶೈಲಾ, ನಿನ್ನ ಪ್ರತಿಯ ಕೆಳಗೆ ಮಾತ್ರ ಇದನ್ನು ಬರೆಯುತ್ತಿದ್ದೇನೆ. ಆ ಪ್ರಧಾನರು ಸಿಕ್ಕರು. ಅವರಿಗೆ ಓದಿ ಹೇಳಿದೆ. ಹೊಸ್ತಿಲ ಮಾತು ವಾಪಸು.


ಪುಣೆ
4 ಸೆಪ್ಟೆಂಬರ್ 2025

ಅಪ್ಪನಿಗೆ ಶರಣು.

ಜುಲೈಯಲ್ಲಿ ಸಮಿತಿಯವರು ಬಂದು ತೋಡಿದ್ದು, ಮುರುಮು ಸಿಕ್ಕಿದ್ದು ನಿಮಗೆ ಗೊತ್ತೇ ಇದೆ. ಅದಾದ ಮೇಲೆ ಕಡತ ಇಲ್ಲಿ ತಿಂಗಳಿಗೂ ಹೆಚ್ಚು ಕಾಲ ಮೇಜಿನಿಂದ ಮೇಜಿಗೆ ಅಲೆಯಿತು. ಕೊನೆಗೆ ಹಳೆಯ ವರದಿ ರದ್ದಾಯಿತು. ಮೊದಲ ಕಂತು ಗೋದಾಮಿನಲ್ಲೇ ನಿಂತಿದೆ. ಮರುಪರೀಕ್ಷೆಗೆ ಒಪ್ಪಿದ್ದಾರೆ. ಯಾವ ದಿನ ಎಂದು ನನಗೂ ಹೇಳಿಲ್ಲ, ನಿಮ್ಮ ಬೇಡಿಕೆಯನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ್ದಾರೆ.

ನನಗೆ ಅಲ್ಲಿಗೆ ಬರಲು ಅಪ್ಪಣೆ ಇಲ್ಲ. ಹೊಲದ ಮಾಲೀಕರ ಮಗಳು ಪರೀಕ್ಷೆಯ ಜಾಗದಲ್ಲಿ ಇರಬಾರದು ಎಂದರು. ನಿಯಮ ಸರಿಯೇ ಇದೆ, ನಾನೇ ಯೋಜನೆ ನಡೆಸುತ್ತಿದ್ದರೂ ಹಾಗೆಯೇ ಹೇಳುತ್ತಿದ್ದೆ. ಹಾಗಿದ್ದರೂ ಹೊಟ್ಟೆ ಉರಿಯುತ್ತದೆ. ಆರು ವರ್ಷ ಮಾಡಿದ್ದನ್ನು ಬೇರೆಯವರು ಹಾಸುತ್ತಾರೆ, ನಾನು ತಿರುಗದ ಫ್ಯಾನಿನ ಕೆಳಗೆ ಕೂತಿರುತ್ತೇನೆ.

ವಿಚಾರಣೆ ಮುಗಿಯಿತು. ನಿಯಮ ಪಾಲಿಸದೆ ನೆಲ ನೋಡದೆ ಪರೀಕ್ಷೆ ಮಾಡಿದ್ದಕ್ಕೆ ನನ್ನ ದಾಖಲೆಯಲ್ಲಿ ಒಂದು ಕಪ್ಪು ಸಾಲು ಬಿದ್ದಿದೆ. ಅದು ನ್ಯಾಯವೇ, ವಿರೋಧಿಸಲಿಲ್ಲ. ಕುರ್ಚಿಯ ಬಗ್ಗೆ ಯಾರೂ ಏನೂ ಹೇಳುತ್ತಿಲ್ಲ.

ಒಂದು ಉಪಕಾರ ಮಾಡಿ. ಅವರು ಬಂದ ದಿನ ನೀವು ಬದುವಿನ ಮೇಲೆ ನಿಂತಿರಿ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ನನಗೆ ಬೇಸರವಾಗುತ್ತದೆಂದು ಒಂದು ಅಕ್ಷರವೂ ಮೆತ್ತಗೆ ಮಾಡಬೇಡಿ.

ಶೈಲಾ


ಹಿರೇಸಂಗಾವಿ
19 ಸೆಪ್ಟೆಂಬರ್ 2025

ಮಗಳು ಶೈಲಾಗೆ,

ಕಂಡ ಹಾಗೆ ಬರೆಯುತ್ತೇನೆ.

ಮಂಗಳವಾರ ಹತ್ತು ಗಂಟೆಗೆ ಹೇಳದೆ ಕೇಳದೆ ಬಂದರು. ಅದಕ್ಕೆ ಮೊದಲು ಎಂಟು ದಿನ ಬಿಡದೆ ಮಳೆ. ಹೊಳೆ ತುಂಬಿ ಕೆಳಗಿನ ಬದು ಮುಟ್ಟಿತ್ತು. ಸರಳು ಎಲ್ಲೆಲ್ಲಿ ಚುಚ್ಚಬೇಕೋ ಅಲ್ಲೆಲ್ಲ ಚುಚ್ಚಿದರು, ನಾನು ಎಣಿಸಿದೆ, ನಲವತ್ತೊಂದು ಕಡೆ. ಚಾಪೆ ಹಾಸಿದರು. ಲಾರಿ ಎಂಟು ಸಲ ಹೋಗಿ ಬಂತು. ಐದನೆಯದರಿಂದಲೇ ಚಾಪೆಯ ಎಡಗಡೆ ಅಂಚು ಏಳುತ್ತಿತ್ತು. ಒಂಬತ್ತನೆಯ ಸಲ ನಡುವಿನ ಕೀಲು ಬಾಯಿ ಬಿಟ್ಟಿತು, ಎಡಗಡೆ ಗಾಲಿಗಳು ಒಟ್ಟಿಗೆ ಇಳಿದವು. ಲಾರಿ ಹೊಳೆಯ ಕಡೆ ವಾಲಿ ಅಚ್ಚಿನ ತನಕ ಹುಗಿದು ನಿಂತಿತು.

ಸುದ್ದಿ ಹೇಗೆ ಹೋಯಿತೋ, ಅರ್ಧ ತಾಸಿನಲ್ಲಿ ಇಡೀ ಊರು ಬದುವಿನ ಮೇಲೆ. ಸಂತೋಷ ಟ್ರ್ಯಾಕ್ಟರು ತಂದ, ಯಾರೋ ಹಗ್ಗ ತಂದರು, ಹೆಂಗಸರು ಬುಟ್ಟಿಯಲ್ಲಿ ಕಲ್ಲು ಹೊತ್ತು ಬಂದರು, ಸಲಾವುದ್ದೀನ ಜೆಸಿಬಿ ಸಮೇತ. ನಾನು ಕೋಲು ಅಡ್ಡ ಹಿಡಿದು ನಿಂತೆ. “ಯಾರೂ ಕೈ ಹಚ್ಚಬ್ಯಾಡ್ರಿ. ಹುಗದದ್ದು ಹುಗದಂಗ ಅವರು ನೋಡ್ಲಿ, ಬರಕೊಳ್ಳಿ” ಎಂದೆ.

“ಸಾಹೇಬ್ರು ನಮ್ಮ ಹೊಲದಾಗ ರಾಡ್ಯಾಗ ನಿಂತಾರ, ಊರ ಇಜ್ಜತ್ ಹೋಗ್ತದಲ್ರಿ” ಎಂದು ಸಲಾವುದ್ದೀನ ಕೈ ಹಿಸುಕಿಕೊಂಡ. ಇಜ್ಜತ್ ಹೋದರೆ ಹೋಗಲಿ ಎಂದೆ. ಎಪ್ಪತ್ತಾರು ವರ್ಷದಲ್ಲಿ ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅವರು ಅಳತೆ ಮಾಡಿ, ಫೋಟೋ ತೆಗೆದು, ಬರೆದು ಮುಗಿಸಲು ಮೂರು ತಾಸು ಹಿಡಿಯಿತು. ಅಷ್ಟು ಹೊತ್ತು ಊರಿಗೆ ಊರೇ ಕೈಕಟ್ಟಿ ನಿಂತಿತ್ತು. ಅದಕ್ಕಿಂತ ಕಷ್ಟದ ಕೆಲಸ ನಮ್ಮವರು ಯಾವತ್ತೂ ಮಾಡಿಲ್ಲ.

ಈಗ ನಿನಗೆ ಹೇಳಲೇಬೇಕಾದ ಮಾತು. ಲಾರಿ ವಾಲಿದಾಗ ಚಾಲಕ ಜವಾನ ಕಿಟಕಿಯಿಂದ ಹೊರಗೆ ಹಾರಿದ. ಸೊಂಟದ ತನಕ ಕೆಸರು. ಒಂದು ಕಾಲು ಕಿತ್ತರೆ ಇನ್ನೊಂದು ಹೋಗುತ್ತದೆ, ಬೂಟು ಒಳಗೇ ಉಳಿಯಿತು. ಹತ್ತು ಮಾರು ದಾಟಿ ಬದುವಿಗೆ ಬರಲು ಅವನಿಗೆ ಕಾಲು ತಾಸು ಬೇಕಾಯಿತು. ಇಡೀ ಹೊತ್ತು ಅವನು ನಗುತ್ತಿದ್ದ, ಅಷ್ಟರಲ್ಲಿ ಬದುವಿಗೆ ಬಂದು ಸೇರಿದ್ದ ಜನರೂ ನಗುತ್ತಿದ್ದರು. ನಾನೂ ನಗುತ್ತಿದ್ದವನು ನಡುವೆ ನಿಲ್ಲಿಸಿದೆ. ಅವನು ನಗಲು ಆದದ್ದು ಬದುವಿನ ಮೇಲೆ ನಿಂತವರು ನಾವಾಗಿದ್ದರಿಂದ. ಬೇರೆ ಯಾವುದೋ ಹಳ್ಳದಲ್ಲಿ, ಬೇರೆ ಯಾರೋ ಬಂದೂಕು ಹಿಡಿದು ದಂಡೆಯ ಮೇಲೆ ನಿಂತಿದ್ದರೆ, ಆ ಕಾಲು ತಾಸು ಅವನಿಗೆ ಸಿಗುತ್ತಿರಲಿಲ್ಲ. ನನ್ನ ಹದಿನಾರು ಟ್ರಾಲಿಗೆ ಏನು ಅರ್ಥ ಎಂದು ನನಗೆ ಆಗ ತಿಳಿಯಿತು. ಅವನಿಗೆ ಕಾಲು ತೊಳೆಯಲು ನೀರು ಕೊಟ್ಟದ್ದು ನಾನೇ. ಹೆಸರು ಕೇಳಿದೆ, ಹೇಳಿದ, ಭಾಷೆ ತಿಳಿಯದೆ ಸರಿಯಾಗಿ ಹಿಡಿಯಲಾಗಲಿಲ್ಲ. ಬದುಕಿದ್ದಾನೆ, ಸಾಕು.

ನಿಮ್ಮ ಮುಖ್ಯಸ್ಥರೂ ಬಂದಿದ್ದರು. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಹಾಕಿಸಿಕೊಂಡರು. ಯೋಜನೆ ಮುಚ್ಚುತ್ತಾರೋ ಮುಂದುವರಿಸುತ್ತಾರೋ ತಮಗೇ ಗೊತ್ತಿಲ್ಲ ಎಂದರು. ನಿನ್ನ ಕುರ್ಚಿಯ ಮಾತು ತೆಗೆದೆ. ಅವರು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು. ನಾನು ಹೇಳಿದೆ, ಯೋಜನೆ ಮುಚ್ಚುವುದು ನಿಮ್ಮ ಕೈಯಲ್ಲಿದೆ ಸಾಹೇಬರೇ, ಹೊಲ ನನ್ನ ಕೈಯಲ್ಲಿದೆ. ನನ್ನ ಮಗಳು ಇನ್ನೊಂದು ಚಾಪೆ ತಂದರೆ ಹಾಸಲು ಅದಕ್ಕೆ ಜಾಗ ಇದ್ದೇ ಇರುತ್ತದೆ, ಸರಕಾರ ತರಲಿ ಬಿಡಲಿ.

ಸಂತೋಷ ಹಿಂಗಾರಿ ಜೋಳ ಬಿತ್ತಲು ಕೂರಿಗೆ ಹೊರಗೆ ತೆಗೆದಿದ್ದಾನೆ. ಚಾಪೆ ಹಾಸಿದ ಆ ಪಟ್ಟಿ ಬಿಟ್ಟು ಬಿತ್ತು ಎಂದು ಹೇಳಿದ್ದೇನೆ. ಈ ವರ್ಷ ಮಾತ್ರವಲ್ಲ, ನಾನು ಇರುವ ತನಕ.

ನಿನ್ನ ಚಾಪೆ ಸೋತಿತು, ಶೈಲಾ. ಅಳುವುದಿದ್ದರೆ ಒಂದು ದಿನ ಅಳು. ಆಮೇಲೆ ನಡುವಿನ ಕೀಲಿನಿಂದ ಶುರು ಮಾಡು.

ನಿನ್ನ ಅಪ್ಪ
ಬಸವಂತರಾಯ